ಎಸ್‌ಪಿಎಫ್ 50 ಹಚ್ಚಿದರೂ ಮುಖ ಕಪ್ಪಾಗುವುದೇಕೆ?

ಪ್ರಶ್ನೆ: ಡಾಕ್ಟರೇ, ನನಗೆ 26 ವರ್ಷ. ಎಣ್ಣೆ ಜಿನುಗುವ ಚರ್ಮ, ಆಗಾಗ ಮೊಡವೆ ಏಳುತ್ತವೆ. ಮೈಬಣ್ಣ ಎಣ್ಣೆಗಪ್ಪು. ಒಂದು ವರ್ಷದಿಂದ ದಿನಾ ಬೆಳಿಗ್ಗೆ ಎಸ್‌ಪಿಎಫ್ 50 ಇರುವ ಸನ್‌ಸ್ಕ್ರೀನ್ ಹಚ್ಚುತ್ತಿದ್ದೇನೆ. ಆದರೂ ಮುಖ ಕಪ್ಪಾಗುತ್ತಲೇ ಇದೆ, ಮೊಡವೆಯ ಕಲೆಗಳು ಹೋಗುತ್ತಿಲ್ಲ. ಅಮ್ಮನದು ಒಣ ಚರ್ಮ, ಎರಡೂ ಕೆನ್ನೆಯ ಮೇಲೆ ಬಂಗು ಇದೆ. ತಂಗಿಗೆ ಯಾವ ಸನ್‌ಸ್ಕ್ರೀನ್ ಹಚ್ಚಿದರೂ ಉರಿ. ಮೂವರಿಗೂ ಹೊಂದುವ ಒಂದೇ ಸನ್‌ಸ್ಕ್ರೀನ್ ಇದೆಯೇ? ಕಪ್ಪಗಿರುವವರಿಗೆ ಅದು ಬೇಕಾಗಿಯೇ ಇಲ್ಲ ಎನ್ನುತ್ತಾರಲ್ಲ, ನಿಜವೇ?

ಉತ್ತರ: ಕೊನೆಯ ಎರಡು ಪ್ರಶ್ನೆಗಳಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಮೂವರ ಮುಖಕ್ಕೂ ಹೊಂದುವ ಒಂದೇ ಟ್ಯೂಬ್ ಸಿಗುವುದು ಕಷ್ಟ. ಕೈಕಾಲು, ಬೆನ್ನಿಗಾದರೆ ಮನೆಮಂದಿಗೆಲ್ಲ ಒಂದೇ ಸಾಕು. ಇನ್ನು ಕಪ್ಪಗಿರುವವರಿಗೆ ಸನ್‌ಸ್ಕ್ರೀನ್ ಬೇಡ ಎಂಬ ಮಾತು ಅರ್ಧ ಮಾತ್ರ ನಿಜ. ನಿಜವಲ್ಲದ ಅರ್ಧದಲ್ಲೇ ನಿಮ್ಮ ಮೊಡವೆ ಕಲೆ, ಅಮ್ಮನ ಬಂಗು ಎರಡೂ ಬರುತ್ತವೆ. ಆದರೆ ಯಾವುದನ್ನು ಕೊಳ್ಳಬೇಕು ಎನ್ನುವ ಮೊದಲು ನಿಮ್ಮನ್ನು ಒಂದು ಮಾತು ಕೇಳಬೇಕು. ಈ ಒಂದು ವರ್ಷದಲ್ಲಿ ಎಷ್ಟು ಟ್ಯೂಬ್ ಖಾಲಿಯಾದವು?

ಲೆಕ್ಕ ಹೀಗಿದೆ. ಮುಖ, ಕಿವಿ, ಕುತ್ತಿಗೆಯ ಮುಂಭಾಗಕ್ಕೆ ಒಮ್ಮೆ ಸರಿಯಾಗಿ ಹಚ್ಚಲು ಸುಮಾರು ಒಂದೂಕಾಲು ಗ್ರಾಂ ಬೇಕು. ದಿನಕ್ಕೊಂದು ಸಲ ಹಚ್ಚಿದರೂ 50 ಗ್ರಾಂ ಟ್ಯೂಬು 40 ದಿನಕ್ಕೆ ಮುಗಿಯಬೇಕು. ಎರಡು ಸಲ ಹಚ್ಚುವವರಿಗೆ 20 ದಿನ. ನಿಮ್ಮ ಟ್ಯೂಬು ನಾಲ್ಕೈದು ತಿಂಗಳು ಬರುತ್ತಿದೆ ಎಂದಾದರೆ ನೀವು ಹಚ್ಚುತ್ತಿರುವುದು ಬೇಕಾದದ್ದರ ಮೂರರಲ್ಲೊಂದು ಪಾಲು, ಇಲ್ಲವೇ ಅದಕ್ಕಿಂತಲೂ ಕಡಿಮೆ. ಕ್ರೀಮನ್ನು ಬದಲಿಸುವ ಮುಂಚೆ ಇದನ್ನು ನೋಡಿಕೊಳ್ಳಿ.

ಕ್ಲಿನಿಕ್ಕಿಗೆ ಬಂದವರ ಕೈಗೆ ಅವರದೇ ಟ್ಯೂಬು ಕೊಟ್ಟು, "ಮನೆಯಲ್ಲಿ ಹಚ್ಚಿಕೊಳ್ಳುವ ಹಾಗೇ ಹಚ್ಚಿ ತೋರಿಸಿ" ಎಂದು ಕೇಳುವುದು ನನ್ನ ರೂಢಿ. ಬಹುಪಾಲು ಮಂದಿ ಬೆರಳ ತುದಿಗೆ ಒಂದು ಬೊಟ್ಟು ಹಿಂಡಿಕೊಳ್ಳುತ್ತಾರೆ. ಹಣೆ, ಮೂಗು, ಗಲ್ಲ, ಎರಡು ಕೆನ್ನೆ, ಹೀಗೆ ಒಂದೊಂದು ಚುಕ್ಕಿ ಇಟ್ಟು, ಕ್ರೀಮು ಕಾಣದಂತಾಗುವವರೆಗೆ ಗಸಗಸ ಉಜ್ಜುತ್ತಾರೆ. ಕೈಯಲ್ಲಿ ಉಳಿದದ್ದನ್ನು ಕರವಸ್ತ್ರಕ್ಕೆ ಒರೆಸಿಬಿಡುತ್ತಾರೆ. ಹತ್ತಿರದಿಂದ ನೋಡಿದರೆ ಕಣ್ಣಿನ ಸುತ್ತ ಒಂದು ಬೆರಳಗಲ ಜಾಗ ಹಾಗೇ ಉಳಿದಿರುತ್ತದೆ. ಕೂದಲಂಚು, ಕಿವಿ, ದವಡೆಯ ಕೆಳಗೆ, ಮೇಲ್ತುಟಿಯ ಮೇಲಿನ ಭಾಗ, ಇಲ್ಲೆಲ್ಲ ಕ್ರೀಮು ಮುಟ್ಟಿರುವುದೇ ಇಲ್ಲ. ಬಂಗು ಬಂದು ಕೂರುವ ಜಾಗಗಳಲ್ಲಿ ಮೇಲ್ತುಟಿ, ಹಣೆಯಂಚು ಎರಡೂ ಸೇರಿವೆ ಎಂಬುದನ್ನು ಮರೆಯಬೇಡಿ.

ಡಬ್ಬಿಯ ಮೇಲಿನ ಎಸ್‌ಪಿಎಫ್ 50, ಅಂದರೆ ಬಿಸಿಲಿನಿಂದ ಸಿಗುವ ರಕ್ಷಣೆಯ ಅಂಕಿ, ಬರುವುದು ಪ್ರಯೋಗಾಲಯದ ಪರೀಕ್ಷೆಯಿಂದ. ಅಲ್ಲಿ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂನಷ್ಟು ಕ್ರೀಮು ಹಚ್ಚಿರುತ್ತಾರೆ. ದಪ್ಪದ ಲೆಕ್ಕದಲ್ಲಿ ಅದು ಮಿಲಿಮೀಟರಿನ ನೂರರಲ್ಲಿ ಎರಡು ಭಾಗ. ಆ ತೆಳು ಪದರ ಮುಖದ ಮೇಲೆ ಎಲ್ಲೂ ಹರಿಯದೆ ನಿಂತರೆ ಮಾತ್ರ ಅಂಕಿಗೆ ಬೆಲೆ. ನಿತ್ಯದ ಬದುಕಿನಲ್ಲಿ ಜನ ಹಚ್ಚುವುದು ಇದರ ಕಾಲು ಭಾಗದಿಂದ ಅರ್ಧ ಭಾಗ. ಪ್ರಮಾಣ ಅರ್ಧಕ್ಕಿಳಿದರೆ ರಕ್ಷಣೆಯೂ ಸುಮಾರು ಅರ್ಧಕ್ಕೆ, ಕೆಲವು ಕ್ರೀಮುಗಳಲ್ಲಿ ಅದಕ್ಕಿಂತ ಕೆಳಗೆ ಇಳಿಯುತ್ತದೆ. ಅಂದರೆ ನೀವು ಹಣ ಕೊಟ್ಟಿದ್ದು 50ಕ್ಕೆ, ಮುಖಕ್ಕೆ ಸಿಕ್ಕಿದ್ದು ಪ್ರಾಯಶಃ ಹದಿನೈದೋ ಇಪ್ಪತ್ತೋ.

ತೋರುಬೆರಳು ಮತ್ತು ಮಧ್ಯದ ಬೆರಳು ಎರಡರ ಉದ್ದಕ್ಕೂ, ಬುಡದಿಂದ ತುದಿಯವರೆಗೆ, ಒಂದೊಂದು ಗೆರೆ ಹಿಂಡಿಕೊಳ್ಳಿ. ಮುಖಕ್ಕೂ ಕುತ್ತಿಗೆಗೂ ಸೇರಿ ಅಷ್ಟು ಬೇಕು. ಟ್ಯೂಬಿನ ಬಾಯಿ ತೀರಾ ಸಣ್ಣದಿದ್ದರೆ ಇನ್ನೊಂದು ಗೆರೆ ಸೇರಿಸಿ. ಒಟ್ಟಿಗೆ ಅಷ್ಟನ್ನೂ ಬಳಿದರೆ ಅಂಟಂಟು ಎನಿಸುತ್ತದೆ. ಆದ್ದರಿಂದ ಮೊದಲು ಒಂದು ಗೆರೆಯಷ್ಟನ್ನು ಮುಖವಿಡೀ ಹರಡಿ, ಎರಡು ನಿಮಿಷ ಬಿಟ್ಟು ಎರಡನೆಯದನ್ನು ಹಚ್ಚಿ. ಮೊದಲ ಸಲ ತಪ್ಪಿಹೋದ ಜಾಗಗಳು ಎರಡನೇ ಸಲಕ್ಕೆ ಸಿಕ್ಕಿಬಿಡುತ್ತವೆ. ಉಜ್ಜಬೇಡಿ. ಹರಡಿ, ಅಂಗೈಯಿಂದ ಮೆಲ್ಲಗೆ ಒತ್ತಿ ಬಿಡಿ. ಆಮೇಲೆ ಒಂದು ಕಾಲು ಗಂಟೆ ಒಣಗಲು ಬಿಟ್ಟು ಹೊರಗೆ ಹೊರಡಿ.

ಎಸ್‌ಪಿಎಫ್ 30 ಸಾಕೋ 50 ಬೇಕೋ ಎಂಬ ಚರ್ಚೆಯಲ್ಲಿ, 30 ತಡೆಯುವುದು ಶೇ 97, 50 ತಡೆಯುವುದು ಶೇ 98, ಒಂದು ಪರ್ಸೆಂಟಿಗೆ ಯಾಕೆ ದುಡ್ಡು ಸುರಿಯಬೇಕು ಎಂಬ ವಾದ ಕೇಳಿಬರುತ್ತದೆ. ಅಂಕಿಗಳು ಸರಿ, ತೀರ್ಮಾನ ಸರಿಯಿಲ್ಲ. ಚರ್ಮಕ್ಕೆ ಲೆಕ್ಕ ಇರುವುದು ತಡೆದದ್ದರದ್ದಲ್ಲ, ಒಳಗೆ ನುಸುಳಿದ್ದರದ್ದು. 30ರಲ್ಲಿ ನೂರಕ್ಕೆ ಮೂರೂ ಚಿಲ್ಲರೆ ಒಳಹೋದರೆ 50ರಲ್ಲಿ ಎರಡು. ಜೊತೆಗೆ ನಾವೆಲ್ಲ ಕಡಿಮೆ ಹಚ್ಚುವವರೇ ಆಗಿರುವುದರಿಂದ ಮೇಲಿನ ಅಂಕಿಯಿಂದ ಶುರುಮಾಡಿದರೆ ಕೊರತೆ ಸ್ವಲ್ಪ ತುಂಬಿಕೊಳ್ಳುತ್ತದೆ. ಬಂಗು, ಕಲೆ ಇರುವವರಿಗೆ ನಾನು 50ಕ್ಕಿಂತ ಕಡಿಮೆಯದನ್ನು ಹೇಳುವುದಿಲ್ಲ. ಎಸ್‌ಪಿಎಫ್ ಎಂದರೆ ಇಷ್ಟು ನಿಮಿಷ ಬಿಸಿಲಲ್ಲಿರಬಹುದು ಎಂಬ ಗುಣಾಕಾರವನ್ನಂತೂ ಮಾಡಲೇಬೇಡಿ. ಬೆಳಿಗ್ಗೆಯ ಅರ್ಧ ಗಂಟೆ ಬಿಸಿಲು ಮತ್ತು ನಡುಮಧ್ಯಾಹ್ನದ ಅರ್ಧ ಗಂಟೆ ಬಿಸಿಲು ಚರ್ಮಕ್ಕೆ ಒಂದೇ ಅಲ್ಲ.

ಪ್ರಮಾಣ ಸರಿಯಿದ್ದೂ ಮುಖ ಕಪ್ಪಾಗುವುದುಂಟು. ಅದಕ್ಕೆ ಕಾರಣ ಎಸ್‌ಪಿಎಫ್ ಎಂಬ ಅಂಕಿಯೊಳಗೇ ಇದೆ. ಅದು ಹೇಳುವುದು ಚರ್ಮ ಸುಟ್ಟು ಕೆಂಪಾಗುವುದನ್ನು ಎಷ್ಟು ತಡೆಯುತ್ತದೆ ಎಂಬುದನ್ನು. ಕೆಂಪಾಗಿಸುವುದು ಮುಖ್ಯವಾಗಿ ಯುವಿಬಿ, ಅಂದರೆ 290ರಿಂದ 320 ನ್ಯಾನೊಮೀಟರ್ ಅಲೆಯುದ್ದದ ನೇರಳಾತೀತ ಕಿರಣ. 320ರಿಂದ 400ರವರೆಗಿನ ಯುವಿಎ ಇನ್ನೂ ಆಳಕ್ಕೆ ಇಳಿಯುತ್ತದೆ, ಬಣ್ಣ ಗಾಢ ಮಾಡುತ್ತದೆ, ಚರ್ಮದ ಬಿಗಿ ಸಡಿಲಿಸುತ್ತದೆ. ಸಾಮಾನ್ಯ ಕಿಟಕಿ ಗಾಜು ಯುವಿಬಿಯನ್ನು ಬಹುಮಟ್ಟಿಗೆ ತಡೆದರೂ ಯುವಿಎಯ ದೊಡ್ಡ ಪಾಲನ್ನು ಒಳಗೆ ಬಿಡುತ್ತದೆ. 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆ 69 ವರ್ಷದ ಟ್ರಕ್ ಚಾಲಕರೊಬ್ಬರ ಚಿತ್ರ ಪ್ರಕಟಿಸಿತ್ತು. 28 ವರ್ಷ ಗಾಡಿ ಓಡಿಸಿದ ಅವರ ಮುಖದ ಕಿಟಕಿ ಬದಿಯ ಅರ್ಧ ಮಾತ್ರ ಜೋತು, ಆಳವಾಗಿ ಸುಕ್ಕುಗಟ್ಟಿತ್ತು. ಒಂದೇ ಮುಖ, ಒಂದೇ ವಯಸ್ಸು. ವ್ಯತ್ಯಾಸ ಮಾಡಿದ್ದು ಗಾಜಿನ ಮೂಲಕ ಬಂದ ಬೆಳಕು.

ಹಾಗಾಗಿ ಡಬ್ಬಿಯ ಮೇಲೆ ಎಸ್‌ಪಿಎಫ್ ಜೊತೆಗೆ ಯುವಿಎ ಗುರುತನ್ನೂ ಹುಡುಕಿ. ಪಿಎ ಎಂಬ ಅಕ್ಷರಗಳ ಮುಂದೆ ಪ್ಲಸ್ ಚಿಹ್ನೆಗಳಿರುವುದು ಜಪಾನಿನಲ್ಲಿ 1996ರಲ್ಲಿ ಶುರುವಾದ ಪದ್ಧತಿ. ನಾಲ್ಕು ಪ್ಲಸ್ ಇದ್ದರೆ ಆ ಪದ್ಧತಿಯಲ್ಲಿ ಅದೇ ಮೇಲಿನ ದರ್ಜೆ. ಯುರೋಪಿನ ಡಬ್ಬಿಗಳಲ್ಲಿ ವೃತ್ತದೊಳಗೆ ಯುವಿಎ ಎಂದು ಬರೆದಿರುತ್ತದೆ. ಅದರ ಅರ್ಥ ಯುವಿಎ ರಕ್ಷಣೆ ಎಸ್‌ಪಿಎಫ್‌ನ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಿಲ್ಲ ಎಂದು. ಅಮೆರಿಕದ ಡಬ್ಬಿಗಳಲ್ಲಿ ಬ್ರಾಡ್ ಸ್ಪೆಕ್ಟ್ರಮ್, ಅಂದರೆ ಯುವಿಎ, ಯುವಿಬಿ ಎರಡನ್ನೂ ತಡೆಯುವಂಥದ್ದು, ಎಂದಷ್ಟೇ ಇರುತ್ತದೆ. ಯಾವ ಗುರುತೂ ಇಲ್ಲದ, ಬರೀ ಎಸ್‌ಪಿಎಫ್ ಅಂಕಿಯನ್ನೇ ದೊಡ್ಡದಾಗಿ ಮುದ್ರಿಸಿರುವ ಟ್ಯೂಬನ್ನು ಅಲ್ಲೇ ಬಿಟ್ಟುಬನ್ನಿ.

ಇದಕ್ಕೂ ಮುಂದಿನ ಒಂದು ಸಂಗತಿ ಕಂದು, ಕಪ್ಪು ಚರ್ಮದವರಿಗೆ ಬಹಳ ಮುಖ್ಯವಾದದ್ದು. ಹೆಚ್ಚಿನ ಡಬ್ಬಿಗಳಲ್ಲಿ ಅದರ ಸುಳಿವೇ ಇರುವುದಿಲ್ಲ. ನಮ್ಮನ್ನು ಕಪ್ಪು ಮಾಡುವುದು ನೇರಳಾತೀತ ಕಿರಣ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕೂ ಹೌದು, ಅದರಲ್ಲೂ ನೇರಳೆ, ನೀಲಿ ಭಾಗ. ಅಮೆರಿಕದ ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆಯ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಣುವ ಬೆಳಕು ಬಿದ್ದ ಗಾಢವರ್ಣದ ಚರ್ಮ ಯುವಿಎ ಬಿದ್ದಾಗಿನದಕ್ಕಿಂತಲೂ ಹೆಚ್ಚು ಕಪ್ಪಾಯಿತು, ಆ ಕಪ್ಪು ಹೆಚ್ಚು ದಿನ ಉಳಿಯಿತು. ತೀರಾ ಬೆಳ್ಳಗಿನ ಚರ್ಮದಲ್ಲಿ ಅದೇ ಬೆಳಕು ಬಣ್ಣ ತರಲಿಲ್ಲ. ಬಣ್ಣವಿಲ್ಲದ ಸನ್‌ಸ್ಕ್ರೀನುಗಳು, ಎಸ್‌ಪಿಎಫ್ ಎಷ್ಟೇ ಇರಲಿ, ಈ ಬೆಳಕನ್ನು ಹೆಚ್ಚುಕಡಿಮೆ ಹಾಗೇ ಒಳಗೆ ಬಿಡುತ್ತವೆ. ತಡೆಯಲು ಬೇಕಾದದ್ದು ಐರನ್ ಆಕ್ಸೈಡ್. ಹಳದಿ, ಕೆಂಪು, ಕಪ್ಪು ಬಣ್ಣದ ಈ ಪುಡಿಗಳನ್ನು ಬೆರೆಸಿ ಚರ್ಮದ ಬಣ್ಣಕ್ಕೆ ತಂದಿರುವುದನ್ನೇ ಟಿಂಟೆಡ್ ಸನ್‌ಸ್ಕ್ರೀನ್ ಎನ್ನುವುದು. ಒಂದು ವರ್ಷ ನೀವು ಪಟ್ಟ ಶ್ರಮಕ್ಕೆ ಫಲ ಸಿಗದಿರಲು, ಪ್ರಮಾಣ ಬಿಟ್ಟರೆ, ಇದೇ ಕಾರಣವಿರಬಹುದು.

ಕಪ್ಪಗಿರುವವರಿಗೆ ಬೇಡ ಎಂಬ ಮಾತಿನಲ್ಲಿ ನಿಜ ಎಷ್ಟು ಎಂಬುದನ್ನೂ ಇಲ್ಲೇ ಹೇಳುತ್ತೇನೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಹೆಚ್ಚಿರುವ ಚರ್ಮ ಸುಲಭಕ್ಕೆ ಸುಡುವುದಿಲ್ಲ, ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರ್ ಅದರಲ್ಲಿ ತೀರಾ ಕಡಿಮೆ. ದಿನಾ ಸನ್‌ಸ್ಕ್ರೀನ್ ಹಚ್ಚಿದರೆ ಕ್ಯಾನ್ಸರ್ ಕಡಿಮೆಯಾಗುತ್ತದೆ ಎಂಬುದಕ್ಕೆ ಬಲವಾದ ಸಾಕ್ಷಿ ಬಂದಿರುವುದು ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ನಾಂಬೂರ್ ಪಟ್ಟಣದಲ್ಲಿ 1992ರಿಂದ 1996ರವರೆಗೆ ನಡೆದ ಪ್ರಯೋಗದಿಂದ. ಅಲ್ಲಿದ್ದವರು ಬಹುತೇಕ ಬಿಳಿಯರು. ಆ ಫಲಿತಾಂಶವನ್ನು ಹಾಗೇ ತಂದು ನಿಮ್ಮನ್ನು ಹೆದರಿಸಲು ನನಗೆ ಮನಸ್ಸಿಲ್ಲ. ನಿಮಗೆ ಸನ್‌ಸ್ಕ್ರೀನ್ ಬೇಕಾಗಿರುವುದು ಬೇರೆ ಕಾರಣಕ್ಕೆ. ಮೆಲನಿನ್ ತಯಾರಿಸುವ ಜೀವಕೋಶಗಳು ನಮ್ಮ ಚರ್ಮದಲ್ಲಿ ಸಣ್ಣ ಕೆಣಕಿಗೂ ಬಣ್ಣ ಸುರಿಸುತ್ತವೆ. ಮೊಡವೆ, ಗೀರು, ಉರಿ, ಬಿಸಿಲು, ಗರ್ಭಧಾರಣೆ, ಎಲ್ಲಕ್ಕೂ ಅವುಗಳ ಉತ್ತರ ಕಪ್ಪು ಕಲೆ. ಆ ಕಲೆಗೆ ದಿನಾ ಬೆಳಕು ಬಿದ್ದರೆ ಕೆಲವು ತಿಂಗಳಲ್ಲಿ ಮಾಸಬೇಕಾದದ್ದು ವರ್ಷವಾದರೂ ಮಾಸುವುದಿಲ್ಲ.

ಒಂದು ಸ್ಪಷ್ಟನೆ. ಸನ್‌ಸ್ಕ್ರೀನ್ ಬಿಳಿ ಮಾಡುವ ಮದ್ದಲ್ಲ. ನಿಮ್ಮ ಹುಟ್ಟುಬಣ್ಣ ತಿಳಿಯಬೇಕೆಂದರೆ ತೋಳಿನ ಒಳಮೈ, ಕಂಕುಳ ಹತ್ತಿರ ನೋಡಿಕೊಳ್ಳಿ. ಮುಖ ಅದರ ಸಮೀಪಕ್ಕೆ ಬಂದರೆ ಅಲ್ಲಿಗೆ ಸಾಕು. ಆ ಬಣ್ಣ ಚೆನ್ನಾಗಿಯೇ ಇದೆ.

ಆರಿಸುವಾಗ ನಾನು ಎರಡು ವಿಷಯಗಳನ್ನು ಬೇರೆಬೇರೆಯಾಗಿ ನೋಡುತ್ತೇನೆ. ಎಣ್ಣೆಯೋ ಒಣಗೋ ಎಂಬುದು ಬೇಸನ್ನು, ಅಂದರೆ ಜೆಲ್, ಲೋಶನ್, ಕ್ರೀಮು ಯಾವುದು ಎಂಬುದನ್ನು ನಿರ್ಧರಿಸುತ್ತದೆ. ಚರ್ಮದ ಬಣ್ಣ ಮತ್ತು ಅದರ ತೊಂದರೆ ಏನು ಎಂಬುದು ಅದರೊಳಗಿನ ಫಿಲ್ಟರನ್ನು, ಅಂದರೆ ಕಿರಣ ತಡೆಯುವ ಪದಾರ್ಥ ಯಾವುದು ಎಂಬುದನ್ನು ನಿರ್ಧರಿಸುತ್ತದೆ. ಬೇಸು ಒಗ್ಗದಿದ್ದರೆ ನೀವು ಸಾಕಷ್ಟು ಹಚ್ಚುವುದಿಲ್ಲ. ಫಿಲ್ಟರು ಸರಿಯಿಲ್ಲದಿದ್ದರೆ ಹಚ್ಚಿದ್ದು ವ್ಯರ್ಥ. ಫಿಲ್ಟರುಗಳಲ್ಲಿ ಖನಿಜದವು ಎರಡು, ಜಿಂಕ್ ಆಕ್ಸೈಡ್ ಮತ್ತು ಟೈಟಾನಿಯಂ ಡೈಆಕ್ಸೈಡ್. ಉಳಿದವೆಲ್ಲ ಇಂಗಾಲ ಆಧಾರಿತ ರಾಸಾಯನಿಕಗಳು: ಆವೊಬೆನ್ಜೋನ್, ಆಕ್ಟೊಕ್ರೈಲೀನ್, ಬೆಮೊಟ್ರಿಜಿನಾಲ್ ಇತ್ಯಾದಿ. ಖನಿಜದ್ದು ಕನ್ನಡಿಯಂತೆ ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ, ರಾಸಾಯನಿಕದ್ದು ಹೀರುತ್ತದೆ ಎಂದು ಎಲ್ಲೆಡೆ ಬರೆಯುತ್ತಾರೆ. ವಾಸ್ತವದಲ್ಲಿ ಖನಿಜಗಳೂ ನೇರಳಾತೀತ ಕಿರಣದ ಬಹುಪಾಲನ್ನು ಹೀರಿಕೊಳ್ಳುತ್ತವೆ, ಚೆದುರಿಸುವುದು ಸ್ವಲ್ಪವೇ. ಒಂದು ಶುದ್ಧ, ಇನ್ನೊಂದು ವಿಷ ಎಂದು ಭಾಗ ಮಾಡಬೇಕಾಗಿಲ್ಲ. ಆವೊಬೆನ್ಜೋನ್ ಯುವಿಎಗೆ ಒಳ್ಳೆಯದು, ಆದರೆ ಒಂಟಿಯಾಗಿದ್ದರೆ ಬಿಸಿಲಿಗೆ ತಾನೇ ಒಡೆದುಹೋಗುತ್ತದೆ. ಆಕ್ಟೊಕ್ರೈಲೀನ್ ಅಥವಾ ಬೆಮೊಟ್ರಿಜಿನಾಲ್ ಜೊತೆಗಿದ್ದರೆ ನಿಲ್ಲುತ್ತದೆ.

ಈಗ ನಿಮ್ಮ ವಿಷಯಕ್ಕೆ ಬರೋಣ. ಎಣ್ಣೆ ಚರ್ಮಕ್ಕೆ ಜೆಲ್ ಅಥವಾ ನೀರಿನಂತೆ ತೆಳುವಾಗಿ ಹರಿಯುವ ಫ್ಲೂಯಿಡ್ ಬೇಸು ನೋಡಿ. ಪದಾರ್ಥಗಳ ಪಟ್ಟಿಯಲ್ಲಿ ಸಿಲಿಕಾ ಇದ್ದರೆ ಮುಖ ಮಿರುಗುವುದು ಕಡಿಮೆ. ಬೆಳಿಗ್ಗೆ ಮುಖ ತೊಳೆದ ಮೇಲೆ ಮಾಯಿಶ್ಚರೈಸರ್ ಬಿಟ್ಟು ನೇರವಾಗಿ ಸನ್‌ಸ್ಕ್ರೀನನ್ನೇ ಹಚ್ಚಿ, ಎಷ್ಟೋ ಎಣ್ಣೆ ಚರ್ಮಗಳಿಗೆ ಅಷ್ಟೇ ಸಾಕಾಗುತ್ತದೆ. ಪದರ ಕಡಿಮೆಯಾದಷ್ಟೂ ಮೊಡವೆ ಕಡಿಮೆ. ನಾನ್ ಕಾಮೆಡೊಜೆನಿಕ್, ಅಂದರೆ ರಂಧ್ರ ಮುಚ್ಚಿ ಮೊಡವೆ ತರುವುದಿಲ್ಲ, ಎಂಬ ಬರಹವನ್ನು ಪೂರ್ತಿ ನಂಬಬೇಡಿ, ಅದಕ್ಕೆ ಎಲ್ಲರೂ ಒಪ್ಪಿದ ಪರೀಕ್ಷೆಯಿಲ್ಲ. ಹೊಸ ಟ್ಯೂಬನ್ನು ಮೊದಲು ದವಡೆಯ ಒಂದು ಬದಿಗೆ ಮಾತ್ರ ಎರಡು ವಾರ ಹಚ್ಚಿ ನೋಡಿದರೆ ನಿಮ್ಮ ಚರ್ಮವೇ ಉತ್ತರ ಕೊಡುತ್ತದೆ. ಕಲೆಗಳಿರುವುದರಿಂದ ಟಿಂಟೆಡ್ ಜೆಲ್ ಅಥವಾ ಫ್ಲೂಯಿಡ್ ಸಿಕ್ಕರೆ ಅದನ್ನೇ ಕೊಳ್ಳಿ. ಮೊಡವೆಗೆಂದು ಡಾಕ್ಸಿಸೈಕ್ಲಿನ್ ಅಥವಾ ಐಸೊಟ್ರೆಟಿನಾಯಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಚರ್ಮ ಬಿಸಿಲಿಗೆ ಬೇಗ ಕೆರಳುತ್ತದೆ, ಆ ತಿಂಗಳುಗಳಲ್ಲಿ ಒಂದು ದಿನವೂ ಬಿಡಬೇಡಿ. ಅಡಾಪಲೀನ್‌ನಂಥ ಮೊಡವೆ ಕ್ರೀಮನ್ನು ರಾತ್ರಿಗಿಟ್ಟುಕೊಳ್ಳಿ. ಮತ್ತೆ, ಮೊಡವೆ ಚಿವುಟಿದರೆ ಯಾವ ಸನ್‌ಸ್ಕ್ರೀನೂ ಆ ಕಲೆಯನ್ನು ತಪ್ಪಿಸಲಾರದು.

ಅಮ್ಮನಿಗೆ ಬೇಕಾದದ್ದು ಕ್ರೀಮ್ ಬೇಸು. ಗ್ಲಿಸರಿನ್, ಸೆರಮೈಡ್ ಇರುವಂಥದ್ದು ಒಣ ಚರ್ಮಕ್ಕೆ ಹಿತ. ಮುಖ ಇನ್ನೂ ತುಸು ಒದ್ದೆಯಿರುವಾಗ ಮಾಯಿಶ್ಚರೈಸರ್ ಹಚ್ಚಿ, ಅದು ಹೀರಿಕೊಳ್ಳಲು ಐದು ನಿಮಿಷ ಬಿಟ್ಟು ಸನ್‌ಸ್ಕ್ರೀನ್ ಹಚ್ಚಲಿ. ಎರಡನ್ನೂ ಅಂಗೈಯಲ್ಲಿ ಕಲಸಿ ಹಚ್ಚಬಾರದು, ಹಾಗೆ ಮಾಡಿದರೆ ಸನ್‌ಸ್ಕ್ರೀನಿನ ಪದರ ಒಂದೇ ಸಮ ಕೂರುವುದಿಲ್ಲ. ಬಂಗಿರುವುದರಿಂದ ಅವರಿಗೆ ಟಿಂಟೆಡ್ ಎಂಬುದು ಇಷ್ಟಾನಿಷ್ಟದ ಮಾತಲ್ಲ, ಚಿಕಿತ್ಸೆಯ ಭಾಗ. ಮೆಕ್ಸಿಕೊದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬಂಗಿನ ರೋಗಿಗಳ ಎರಡು ಗುಂಪಿಗೂ ಕಲೆ ತಿಳಿಯಾಗಿಸುವ ಒಂದೇ ಹೈಡ್ರೊಕ್ವಿನೋನ್ ಕ್ರೀಮು ಕೊಟ್ಟಿದ್ದರು. ಒಂದು ಗುಂಪಿನ ಸನ್‌ಸ್ಕ್ರೀನಿನಲ್ಲಿ ಐರನ್ ಆಕ್ಸೈಡ್ ಇತ್ತು, ಇನ್ನೊಂದರದ್ದು ನೇರಳಾತೀತ ಕಿರಣವನ್ನಷ್ಟೇ ತಡೆಯುತ್ತಿತ್ತು. ಎಂಟು ವಾರಕ್ಕೆ ಐರನ್ ಆಕ್ಸೈಡ್ ಗುಂಪಿನ ಬಂಗು ಹೆಚ್ಚು ತಿಳಿಯಾಗಿತ್ತು. ಅಮ್ಮನವರು ದುಬಾರಿ ಕಲೆನಿವಾರಕ ಕ್ರೀಮುಗಳ ಹಿಂದೆ ಬಿದ್ದಿದ್ದರೆ ಮೊದಲು ಈ ಒಂದನ್ನು ಸರಿಮಾಡಿಕೊಳ್ಳಲಿ. ಕಿಟಕಿ ಪಕ್ಕ ಕೂತು ಕೆಲಸ ಮಾಡುವ ಅಭ್ಯಾಸವಿದ್ದರೆ ಮನೆಯೊಳಗೂ ಹಚ್ಚಬೇಕು, ಯಾಕೆಂದರೆ ಗಾಜು ಕಾಣುವ ಬೆಳಕನ್ನು ತಡೆಯುವುದೇ ಇಲ್ಲ. ಮೊಬೈಲ್ ಪರದೆಯ ಬೆಳಕಿಗೆ ಮಾತ್ರ ಹೆದರಬೇಕಾಗಿಲ್ಲ, ಸೂರ್ಯನ ಬೆಳಕಿನ ಮುಂದೆ ಅದು ತೀರಾ ಅಲ್ಪ.

ಟಿಂಟ್ ಕೊಳ್ಳುವಾಗ ಬಣ್ಣವನ್ನು ಮುಂಗೈ ಮೇಲೆ ನೋಡಬೇಡಿ, ದವಡೆಯ ಮೇಲೆ ಹಗಲು ಬೆಳಕಿನಲ್ಲಿ ನೋಡಿ. ಎಷ್ಟೋ ಕಂಪನಿಗಳು ಎಲ್ಲರಿಗೂ ಒಂದೇ ಎಂದು ಮಾರುವ ಬಣ್ಣ ಬೆಳ್ಳಗಿನವರಿಗಾಗಿ ಮಾಡಿದ್ದು, ಎಣ್ಣೆಗಪ್ಪು ಮುಖದ ಮೇಲೆ ಅದು ಬೂದಿ ಬಳಿದಂತೆ ಕಾಣುತ್ತದೆ. ಇದು ಉತ್ಪನ್ನದ ಕೊರತೆ, ನಿಮ್ಮ ಮುಖದ್ದಲ್ಲ. ಗಾಢ ಛಾಯೆಯದು ಸಿಗುವವರೆಗೂ ಹುಡುಕಿ. ಬೂದಿಯಂತೆ ಕಾಣುವುದನ್ನು ಕೊಂಡರೆ ಎರಡೇ ದಿನಕ್ಕೆ ಕಡಿಮೆ ಹಚ್ಚಲು ಶುರುಮಾಡುತ್ತೀರಿ.

ತಂಗಿಯ ವಿಷಯ ನನಗೆ ಹೆಚ್ಚು ಯೋಚನೆ ಹುಟ್ಟಿಸಿದೆ. ಉರಿ ಎಂದರೆ ಒಂದೇ ಕಾಯಿಲೆಯಲ್ಲ. ಹಚ್ಚಿದ ಕೆಲವೇ ನಿಮಿಷದಲ್ಲಿ ಚುರುಗುಟ್ಟಿ, ಗುಳ್ಳೆ ಏಳದೆ ತಾನೇ ತಣಿದರೆ ಅದು ಬರೀ ಕೆರಳಿಕೆ. ಜೆಲ್‌ಗಳಲ್ಲಿರುವ ಆಲ್ಕೊಹಾಲು, ಸುಗಂಧ ಇದಕ್ಕೆ ಸಾಮಾನ್ಯ ಕಾರಣ. ಕಣ್ಣು ಮಾತ್ರ ಉರಿಯುತ್ತಿದ್ದರೆ ಬೆವರಿನ ಜೊತೆ ಫಿಲ್ಟರು ಜಾರಿ ಕಣ್ಣಿಗಿಳಿಯುತ್ತಿದೆ ಎಂದರ್ಥ. ಅಂಥವರು ಕಣ್ಣಿನ ಸುತ್ತ ಜಿಂಕ್ ಆಕ್ಸೈಡಿನ ಸ್ಟಿಕ್ ಬಳಸಿದರೆ ಸಾಕು. ಒಂದೆರಡು ದಿನ ಬಿಟ್ಟು ತುರಿಕೆ, ಕೆಂಪು, ಸಣ್ಣ ಗುಳ್ಳೆ ಎದ್ದರೆ ಅದು ಅಲರ್ಜಿ. ಬಿಸಿಲು ಬಿದ್ದ ಜಾಗದಲ್ಲಿ ಮಾತ್ರ ಎದ್ದರೆ ಬೆಳಕು ಸೇರಿ ಆಗುವ ಅಲರ್ಜಿ. ನೋವಿಗೆ ಕೀಟೊಪ್ರೊಫೆನ್ ಜೆಲ್ ಹಚ್ಚಿ ಒಮ್ಮೆ ಅಲರ್ಜಿಯಾದವರಿಗೆ ಆಕ್ಟೊಕ್ರೈಲೀನ್ ಇರುವ ಸನ್‌ಸ್ಕ್ರೀನ್ ಕೂಡ ಆಗದೇ ಹೋಗುವುದುಂಟು, ಇದನ್ನು ಕೇಳಿ ನೋಡಿ.

ಆದರೆ ಯಾವುದು ಹಚ್ಚಿದರೂ ಉರಿ ಎಂದು ನೀವು ಬರೆದಿದ್ದೀರಿ. ಹಾಗಿದ್ದರೆ ದೋಷ ಸನ್‌ಸ್ಕ್ರೀನಿನದ್ದಲ್ಲ, ಚರ್ಮದ ಮೇಲ್ಪದರವೇ ಹಾಳಾಗಿದೆ ಎಂಬ ಅನುಮಾನ ನನ್ನದು. ದಿನಾ ಸ್ಕ್ರಬ್ ಉಜ್ಜುವುದು, ಆಸಿಡ್ ಸೀರಮ್ಮುಗಳ ಮೇಲೆ ಸೀರಮ್ಮು ಹಚ್ಚುವುದು, ಇವೆರಡೂ ಆ ಪದರವನ್ನು ತಿಂದುಹಾಕುತ್ತವೆ. ಅದಕ್ಕಿಂತ ಕೆಟ್ಟದ್ದು ಮುಖ ಬೆಳ್ಳಗಾಗುತ್ತದೆಂದು ಡಾಕ್ಟರ ಚೀಟಿಯಿಲ್ಲದೆ ತಂದು ತಿಂಗಳುಗಟ್ಟಲೆ ಹಚ್ಚುವ ಸ್ಟೀರಾಯಿಡ್ ಕ್ರೀಮು. ಟ್ಯೂಬಿನ ಹಿಂಬದಿಯಲ್ಲಿ ಬೀಟಾಮೆಥಸೋನ್, ಕ್ಲೊಬೆಟಾಸಾಲ್, ಮೊಮೆಟಸೋನ್ ಎಂಬ ಹೆಸರಿದೆಯೇ ನೋಡಿ. ಮೊದಲ ವಾರಗಳಲ್ಲಿ ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗಿ, ರಕ್ತನಾಳಗಳು ಎಳೆ ಎಳೆಯಾಗಿ ಕಾಣತೊಡಗಿ, ಬಿಸಿಲಿಗೆ ಹೋದರೆ ಮುಖ ಕೆಂಡದಂತಾಗುತ್ತದೆ. ಬಿಟ್ಟರೆ ಇನ್ನೂ ಹೆಚ್ಚು ಕೆರಳುವುದರಿಂದ ಮತ್ತೆ ಅದನ್ನೇ ಹಚ್ಚುತ್ತಾರೆ. ನೂರಾರು ಹೆಣ್ಣುಮಕ್ಕಳು ಈ ಸುಳಿಯಲ್ಲಿ ಸಿಕ್ಕಿ ಕಣ್ಣೀರಿಡುವುದನ್ನು ಕಂಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ತಂಗಿ ಅಂಥದ್ದೇನಾದರೂ ಹಚ್ಚುತ್ತಿದ್ದರೆ ಅವಳನ್ನು ಬೈಯಬೇಡಿ. ತಟ್ಟನೆ ತಾವಾಗಿಯೇ ನಿಲ್ಲಿಸದೆ ಚರ್ಮವೈದ್ಯರಲ್ಲಿಗೆ ಕರೆದುಕೊಂಡು ಹೋಗಿ, ಹಂತಹಂತವಾಗಿ ಬಿಡಿಸುವ ದಾರಿ ಇದೆ.

ಅಂಥದ್ದೇನೂ ಇಲ್ಲವಾದರೆ ಎರಡು ಮೂರು ವಾರ ಸೌಮ್ಯವಾದ ಕ್ಲೆನ್ಸರು, ಸುಗಂಧವಿಲ್ಲದ ಮಾಯಿಶ್ಚರೈಸರು ಇವೆರಡನ್ನೇ ಬಳಸಲಿ. ಹೊರಗೆ ಹೋಗುವಾಗ ಟೋಪಿ, ಕೊಡೆ ಇರಲಿ. ಚರ್ಮ ತಣ್ಣಗಾದ ಮೇಲೆ ಸುಗಂಧವಿಲ್ಲದ, ಬರೀ ಜಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನನ್ನು ಮೊಣಕೈ ಒಳಮಡಿಕೆಯ ಹತ್ತಿರ ಒಂದೇ ಜಾಗಕ್ಕೆ ದಿನಕ್ಕೆರಡು ಸಲದಂತೆ ಏಳು ದಿನ ಹಚ್ಚಿ ನೋಡಲಿ. ಏನೂ ಆಗದಿದ್ದರೆ ಮುಖಕ್ಕೆ. ಇಸುಬು ಇರುವವರಿಗೂ ಇದೇ ಕ್ರಮ. ತೊನ್ನು ಇರುವವರಂತೂ ಬಿಳಿ ಮಚ್ಚೆಗಳಿಗೆ ತಪ್ಪದೆ ಹಚ್ಚಬೇಕು, ಅಲ್ಲಿ ಮೆಲನಿನ್ನಿನ ಕಾವಲೇ ಇರುವುದಿಲ್ಲ.

ಎರಡು ಗಂಟೆಗೊಮ್ಮೆ ಹಚ್ಚಬೇಕೆಂಬ ನಿಯಮ ಬಿಸಿಲಿನಲ್ಲಿ ಇರುವವರಿಗೆ. ಬೆವರಿದರೆ, ಈಜಿದರೆ, ಟವೆಲಿನಲ್ಲಿ ಮುಖ ಒರೆಸಿಕೊಂಡರೆ ಎರಡು ಗಂಟೆ ಕಾಯದೆ ಕೂಡಲೇ ಹಚ್ಚಬೇಕು. ವಾಟರ್ ರೆಸಿಸ್ಟೆಂಟ್ ಎಂದಿದ್ದರೂ ಅಮೆರಿಕದ ನಿಯಮದಂತೆ ಅದರ ಭರವಸೆ 40 ಅಥವಾ 80 ನಿಮಿಷ ಮಾತ್ರ. ಕಿಟಕಿಯಿಂದ ದೂರ, ಒಳಗೇ ಕೂತು ಕೆಲಸ ಮಾಡುವವರು ಗಡಿಯಾರ ನೋಡಿಕೊಂಡು ಹಚ್ಚುತ್ತಿರಬೇಕಾಗಿಲ್ಲ. ಬೆಳಿಗ್ಗೆ ಒಮ್ಮೆ ಸರಿಯಾಗಿ ಹಚ್ಚಿ, ಮಧ್ಯಾಹ್ನ ಅಥವಾ ಸಂಜೆ ಹೊರಬೀಳುವ ಮುನ್ನ ಇನ್ನೊಮ್ಮೆ ಹಚ್ಚಿದರೆ ಆಯಿತು. ಈ ಎರಡನ್ನು ವರ್ಷವಿಡೀ ಪಾಲಿಸುವವರು, ನಾಲ್ಕು ಸಲ ಹಚ್ಚಲು ಹೊರಟು ಹದಿನೈದೇ ದಿನಕ್ಕೆ ಕೈಬಿಡುವವರಿಗಿಂತ ಎಷ್ಟೋ ಮೇಲು.

ಮೇಕಪ್ಪಿನ ಮೇಲೆ ಹೇಗೆ ಹಚ್ಚುವುದು ಎಂಬ ಪ್ರಶ್ನೆ ಬಂದೇ ಬರುತ್ತದೆ. ಬೆವರು, ಎಣ್ಣೆಯನ್ನು ಟಿಶ್ಯೂನಿಂದ ಒತ್ತಿ ತೆಗೆದು, ತೆಳು ಫ್ಲೂಯಿಡನ್ನು ಸ್ಪಂಜಿನಿಂದ ಒತ್ತಿ ಒತ್ತಿ ಕೂರಿಸಿ. ಸನ್‌ಸ್ಕ್ರೀನ್ ಪೌಡರನ್ನೇ ನೆಚ್ಚಬೇಡಿ, ಬೇಕಾದಷ್ಟು ರಕ್ಷಣೆ ಸಿಗುವಷ್ಟು ಪೌಡರನ್ನು ಯಾರೂ ಮುಖಕ್ಕೆ ಹಾಕಿಕೊಳ್ಳುವುದಿಲ್ಲ. ಎಸ್‌ಪಿಎಫ್ 15 ಇರುವ ಫೌಂಡೇಶನ್ನಿನ ಮೇಲೆ 30ರದ್ದು ಹಚ್ಚಿದರೆ 45 ಆಗುವುದಿಲ್ಲ. ಸ್ಪ್ರೇ ಬಳಸುವುದಾದರೆ ಮುಖಕ್ಕೆ ನೇರ ಹೊಡೆಯದೆ ಅಂಗೈಗೆ ಹೊಡೆದು ಹಚ್ಚಿ, ಉಸಿರಿನೊಳಗೆ ಹೋಗಬಾರದು. ಸ್ಟಿಕ್ ಆದರೆ ಒಂದೇ ಜಾಗದಲ್ಲಿ ನಾಲ್ಕೈದು ಸಲ ಎಳೆಯಬೇಕು. ತುಟಿಗೆ ಎಸ್‌ಪಿಎಫ್ ಇರುವ ಬಾಮ್ ಬೇಕು. ಮನೆಯಲ್ಲಿ ಎಣ್ಣೆಗೆ ಜಿಂಕ್ ಪುಡಿ ಕಲಸಿ ಮಾಡುವುದು ಬೇಡವೇ ಬೇಡ. ಪುಡಿ ಗಂಟುಗಂಟಾಗಿ ಉಳಿದು, ನಡುವೆ ಬಿಟ್ಟುಹೋದ ಚರ್ಮ ಬರಿದಾಗಿಯೇ ಇರುತ್ತದೆ, ಅದು ಕಣ್ಣಿಗೂ ಕಾಣುವುದಿಲ್ಲ.

ಫೋನಿನ ಹವಾಮಾನ ಆ್ಯಪಿನಲ್ಲಿ ನೇರಳಾತೀತ ಕಿರಣ ಎಷ್ಟು ಜೋರಾಗಿದೆ ಎಂದು ಹೇಳುವ ಯುವಿ ಇಂಡೆಕ್ಸ್ ಎಂಬ ಅಂಕಿ ಇರುತ್ತದೆ, ಅದನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ. 3 ಅಥವಾ ಮೇಲಿದ್ದರೆ ರಕ್ಷಣೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೋಡ ಕವಿದಿದೆಯೆಂದು ಬಿಡಬೇಡಿ, ತೆಳು ಮೋಡದ ಮೂಲಕ ನೇರಳಾತೀತ ಕಿರಣದ ಶೇ 80ರವರೆಗೆ ಕೆಳಗೆ ಬರಬಲ್ಲದು. ಆ್ಯಪಿಲ್ಲದವರಿಗೆ ಸ್ವಂತ ನೆರಳು ಸಾಕು. ನೆರಳು ನಿಮಗಿಂತ ಗಿಡ್ಡಗಿದ್ದರೆ ಕಿರಣ ಜೋರಾಗಿದೆ ಎಂದು. ಆ ಹೊತ್ತಿನಲ್ಲಿ ಅಗಲ ಅಂಚಿನ ಟೋಪಿ, ಕೊಡೆ, ತುಂಬುತೋಳಿನ ಒತ್ತು ನೇಯ್ಗೆಯ ಬಟ್ಟೆಯೇ ಮೊದಲ ರಕ್ಷಣೆ. ಸನ್‌ಸ್ಕ್ರೀನ್ ಅವು ಮುಚ್ಚದ ಜಾಗಕ್ಕೆ. ಬಟ್ಟೆ ಬೆವರಿಗೆ ಅಳಿಸಿಹೋಗುವುದಿಲ್ಲ. ಆರು ತಿಂಗಳೊಳಗಿನ ಕೂಸುಗಳಿಗೆ ಸನ್‌ಸ್ಕ್ರೀನ್ ಹಚ್ಚದೆ ನೆರಳಲ್ಲೇ ಇಡುವುದು ಸರಿ.

ರಾಸಾಯನಿಕ ಫಿಲ್ಟರು ರಕ್ತಕ್ಕೆ ಸೇರುತ್ತದಂತಲ್ಲ ಎಂಬ ಭಯ ಹಲವರಿಗಿದೆ. ಸೇರುವುದು ನಿಜ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019 ಮತ್ತು 2020ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ ಹಲವು ಫಿಲ್ಟರುಗಳು ರಕ್ತದಲ್ಲಿ ಕಂಡವು, ಅವುಗಳ ಪ್ರಮಾಣ ಹೆಚ್ಚಿನ ಸುರಕ್ಷತಾ ಅಧ್ಯಯನ ಬೇಕೆನ್ನುವ ಮಟ್ಟವನ್ನು ದಾಟಿತ್ತು. ರಕ್ತದಲ್ಲಿ ಕಂಡಿತೆಂದರೆ ಹಾನಿಯಾಯಿತೆಂದಲ್ಲ, ಬಳಸುವುದನ್ನು ನಿಲ್ಲಿಸಿ ಎಂದು ಎಫ್‌ಡಿಎಯೂ ಹೇಳಲಿಲ್ಲ. ಗರ್ಭಿಣಿಯರಿಗೆ, ಅಥವಾ ಮನಸ್ಸಿಗೆ ಅಳುಕಿರುವವರಿಗೆ ಖನಿಜ ಫಿಲ್ಟರು ಇದ್ದೇ ಇದೆ. ವಿಟಮಿನ್ ಡಿ ಕಡಿಮೆಯಾಗುತ್ತದೆ ಎಂಬ ಆತಂಕವೂ ಬೇಡ, ಜನ ನಿತ್ಯ ಹಚ್ಚುವ ರೀತಿಯಲ್ಲಿ ಅಂಥ ಕೊರತೆಯಾಗುವುದು ಹೆಚ್ಚಿನ ಅಧ್ಯಯನಗಳಲ್ಲಿ ಕಂಡಿಲ್ಲ. ಹಾಗೂ ಸಂದೇಹವಿದ್ದರೆ ರಕ್ತಪರೀಕ್ಷೆ ಮಾಡಿಸಿ ಮಾತ್ರೆ ತೆಗೆದುಕೊಳ್ಳಬಹುದು.

ಟ್ಯೂಬನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ. ನೀರು ಬೇರೆ, ಎಣ್ಣೆ ಬೇರೆ ಆಗಿ ಒಡೆದಿದ್ದರೆ ತಾರೀಕು ಮುಗಿಯದಿದ್ದರೂ ಎಸೆಯಿರಿ. ಮಲಗುವ ಮುನ್ನ ಮುಖ ತೊಳೆದು ತೆಗೆಯಿರಿ, ವಾಟರ್ ರೆಸಿಸ್ಟೆಂಟ್ ಆದರೆ ಕ್ಲೆನ್ಸಿಂಗ್ ಆಯಿಲ್ ಬೇಕಾಗಬಹುದು. ಇಂದೇ ಕಿಟಕಿಯ ಬಳಿ, ಒಂದೇ ಜಾಗದಲ್ಲಿ ನಿಂತು ಮುಖದ ಫೋಟೊ ತೆಗೆದಿಟ್ಟುಕೊಳ್ಳಿ. ಕಲೆ, ಬಂಗು ದಿನದಿನಕ್ಕೆ ಬದಲಾಗುವುದು ಕಣ್ಣಿಗೆ ತಿಳಿಯುವುದಿಲ್ಲ. ಮೂರು ತಿಂಗಳ ನಂತರ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ಇನ್ನೊಂದು ತೆಗೆದು ಹೋಲಿಸಿ. ಅಷ್ಟರಲ್ಲೂ ಅಮ್ಮನ ಬಂಗು ಕದಲದಿದ್ದರೆ ಚರ್ಮವೈದ್ಯರು ಬರೆದುಕೊಡುವ ಕ್ರೀಮು ಬೇಕಾಗುತ್ತದೆ. ಅದನ್ನು ಹಚ್ಚುವಾಗಲೂ ಸನ್‌ಸ್ಕ್ರೀನ್ ನಿಲ್ಲಿಸುವಂತಿಲ್ಲ. ಇನ್ನು ಅಂಗಾಲು, ಅಂಗೈಯಲ್ಲಿ ಹೊಸದಾಗಿ ಹುಟ್ಟಿ ಬೆಳೆಯುತ್ತಿರುವ ಕಪ್ಪು ಮಚ್ಚೆ, ಒಂದೇ ಉಗುರಿನ ಕೆಳಗೆ ಅಗಲವಾಗುತ್ತಿರುವ ಕಪ್ಪು ಪಟ್ಟೆ, ವಾರಗಟ್ಟಲೆ ಮಾಯದ ಹುಣ್ಣು ಕಂಡರೆ ಫೋಟೊ ತೆಗೆಯುತ್ತ ಕೂರದೆ ಕೂಡಲೇ ತೋರಿಸಿ. ಕಪ್ಪು ಚರ್ಮದವರಲ್ಲಿ ಮೆಲನೋಮ ಎಂಬ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳುವುದು ಇಂಥ ಬಿಸಿಲು ತಾಗದ ಜಾಗಗಳಲ್ಲೇ, ಅದನ್ನು ಯಾವ ಸನ್‌ಸ್ಕ್ರೀನೂ ತಡೆಯುವುದಿಲ್ಲ.